ತೆರೆಯ ಮೇಲಿನ ಒಂದು ತಪ್ಪು



ಮದುವೆಯದೋ ಪ್ರಥಮ ಪರಮಪ್ರಸಾದದ್ದೋ ಒಂದು ಹಳೆಯ ಡಿವಿಡಿ ನಿಮ್ಮ ಮನೆಯ ಕಪಾಟಿನಲ್ಲಿಯೂ ಇದ್ದೀತು. ಅದರಲ್ಲಿ ಎಲ್ಲಿಯೋ ಒಂದೆಡೆ ಅಕ್ಷರ ತಪ್ಪಿರುತ್ತದೆ. 'ಶುಭಾಶಯ'ವು 'ಶುಭಾಷಯ'ವಾಗಿರುತ್ತದೆ, ಇಲ್ಲವೇ ಕನ್ನಡದ ಒತ್ತಕ್ಷರವನ್ನರಿಯದ ಅಂದಿನ ತಂತ್ರಾಂಶದ ಕೈಗೆ ಸಿಕ್ಕಿ ಯಾರದೋ ಹೆಸರು ಬಿಡಿಬಿಡಿಯಾಗಿ ಒಡೆದು ನಿಂತಿರುತ್ತದೆ. ನೋಡಿ ನಗುತ್ತೇವೆ, ಮರೆಯುತ್ತೇವೆ. ಆದರೆ ಮುಗಿದುಹೋದ ಚಿತ್ರದ ಬರಹವನ್ನು ತಿದ್ದುವ ಪ್ರಸಂಗ ಈಚೆಗೆ ನಮ್ಮ ಮನೆಯಲ್ಲಿ ಒದಗಿದಾಗ, ತಿದ್ದುವುದು ಯಾರಿಗಾಗಿ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

2004ರಲ್ಲಿ ಕಿಗ್ಗದ ಸಮೀಪದ ನಮ್ಮ ಮನೆಯಲ್ಲಿ ತಂದೆತಾಯಿಯರ ವಿವಾಹದ ಸುವರ್ಣ ಮಹೋತ್ಸವ ನಡೆಯಿತು. ಮಳೆ ತರಿಸಿದ ಋಷ್ಯಶೃಂಗ ಮುನಿಯ ಊರಲ್ಲವೇ! ಮಳೆಗಾಲಕ್ಕೆ ಮೊದಲೇ ಚಪ್ಪರ ಹಾಕಿಸಿದ್ದೆವು. ಪೇಟೆಯಿಂದ ವಿಡಿಯೋದವರು ಬಂದಿದ್ದರು. ತೆರೆಯ ಮೇಲೆ ಯಾರ ಮುಖದ ಕೆಳಗೆ ಏನು ಬರಬೇಕೆಂಬ ಪಟ್ಟಿಯನ್ನು ಬರೆದುಕೊಟ್ಟವನು ನಾನು. ಎಲ್ಲರಿಗೂ ಹೆಸರಿತ್ತು, ಸಂಬಂಧವಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುವ ಒಬ್ಬರ ಕೆಳಗೆ ಮಾತ್ರ 'ಮನೆಯ ಕೆಲಸದಾಕೆ' ಎಂದಿತ್ತು. ನಮ್ಮ ಆರು ಮಂದಿಯನ್ನೂ ಎಣ್ಣೆ ಹಚ್ಚಿ ಮೀಯಿಸಿ ಬೆಳೆಸಿದವರು ಅವರು. ಆ ಎರಡು ಪದಗಳ ಕಾಗುಣಿತದಲ್ಲಿ ದೋಷವಿರಲಿಲ್ಲ. ಕರಡು ತಿದ್ದುವ ಯಾರ ಕಣ್ಣಿಗೂ ಅದು ತಪ್ಪೆಂದು ಬೀಳುತ್ತಿರಲಿಲ್ಲ.

ಅವರಿಗೆ ಓದು ಬರುತ್ತಿರಲಿಲ್ಲ. ಡಿವಿಡಿ ಬಂದ ಸಂಜೆ ಎಲ್ಲರೂ ಕೂತು ನೋಡುವಾಗ, "ನನ್ನ ಕೆಳಗೆ ಏನು ಬರ್ದಿದೆ ಮಗಾ?" ಎಂದು ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದರು. ಅವನು ಗಟ್ಟಿಯಾಗಿ ಓದಿದ. "ಹೌದಲ್ಲ" ಎಂದು ಎದ್ದು ಕಾಫಿ ತರಲು ಒಳಗೆ ಹೋದರು. ನಾನು ಆ ಮಾತನ್ನು ಕೇಳಿಸಿಕೊಂಡೆ. ಏನೂ ಹೇಳಲಿಲ್ಲ. 2016ರಲ್ಲಿ ಅವರು ತೀರಿಕೊಂಡರು.

ಕಳೆದ ವರ್ಷ ನನ್ನ ತಂಗಿಯ ಮಗ, ಡಿವಿಡಿಗೆ ಬೂಷ್ಟು ಹಿಡಿಯುವ ಮೊದಲು ಅದನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳಲು ಕುಳಿತ. ಮುಗಿದ ಚಿತ್ರದಲ್ಲಿ ಅಕ್ಷರಗಳು ಅಕ್ಷರಗಳಾಗಿ ಉಳಿದಿರುವುದಿಲ್ಲ, ಮುಖದಂತೆ, ಗೋಡೆಯಂತೆ ಅವೂ ಚಿತ್ರದ ಚುಕ್ಕೆಗಳಾಗಿ ಬೆರೆತಿರುತ್ತವೆ ಎಂಬುದನ್ನು ಅವನಿಂದ ತಿಳಿದೆ. ಸಂಕಲನದ ಮೂಲ ಕಡತ ಉಳಿದಿದ್ದರೆ ಪದವನ್ನು ಬದಲಿಸಿ ಹೊಸ ಪ್ರತಿ ತೆಗೆಯಬಹುದಿತ್ತು. ನಮ್ಮಲ್ಲಿ ಅದಿರಲಿಲ್ಲ. ಸೆಕೆಂಡಿಗೆ 25 ಚೌಕಟ್ಟುಗಳು. ಆರು ಸೆಕೆಂಡಿನ ಬರಹವೆಂದರೆ 150. ಅಷ್ಟರ ಮೇಲೂ ಒಂದು ಪಟ್ಟಿಯನ್ನು ಹೊದಿಸಿ, ಅದರ ಮೇಲೆ ಹೊಸದನ್ನು ಬರೆಯಬೇಕು. ಪಟ್ಟಿಯ ಹಿಂದಿರುವುದು ಮುಚ್ಚಿಹೋಗುತ್ತದೆ. 'ಶುಭಾಷಯ'ವನ್ನು ಅವನು ಹಾಗೆಯೇ ಸರಿಪಡಿಸಿದ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದಾಗ, "ಮಾವ, ಇದನ್ನೂ ಮುಚ್ಚಿಬಿಡಲೇ?" ಎಂದು ಕೇಳಿದ.

ಅಣ್ಣ ಬೇಡವೆಂದರು. ಬರೆದದ್ದು ಬರೆದಾಯಿತು, ನೋಡಬೇಕಾದವರೇ ಇಲ್ಲ ಎಂಬುದು ಅವರ ವಾದ. ನನಗೆ ಪಿಲಾತನ ನೆನಪಾಯಿತು. ಶಿಲುಬೆಯ ಫಲಕದ ಬರಹವನ್ನು ಬದಲಿಸಿರೆಂದು ಮುಖ್ಯ ಯಾಜಕರು ಕೇಳಿದಾಗ ಅವನೂ ಒಪ್ಪಲಿಲ್ಲ. ಅಲ್ಲಿ ಬರೆದದ್ದು ಸತ್ಯವೇ ಆಗಿತ್ತು. ಆದರೆ ಅವನ ಹಟ ಸತ್ಯದ ಮೇಲಿನ ಪ್ರೀತಿಯಿಂದ ಬಂದುದೆಂದು ನನಗನಿಸುವುದಿಲ್ಲ. ನಮ್ಮ ಹಟವೂ ಬಹುಮಟ್ಟಿಗೆ ಆ ಜಾತಿಯದೇ.

ಹಾಗೆಂದು ಗುರುತೇ ಉಳಿಯದಂತೆ ಮುಚ್ಚುವುದೂ ನನಗೆ ಹಿಡಿಸಲಿಲ್ಲ. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ ಒಂದರಲ್ಲಿ, ವ್ಯಭಿಚಾರವನ್ನು ನಿಷೇಧಿಸುವ ಆಜ್ಞೆಯೊಳಗಿನ ನಿಷೇಧದ ಪದವೇ ಬಿಟ್ಟುಹೋಗಿತ್ತು. ಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲೂಕಾಸ್ ಅವರಿಗೆ 300 ಪೌಂಡು ದಂಡ ಬಿತ್ತು, ಪ್ರತಿಗಳನ್ನು ನಾಶಮಾಡಲಾಯಿತು. ಇದಕ್ಕಿಂತ ಹಳೆಯ ಮರ್ಯಾದೆಯೊಂದಿದೆ. 1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ದೊರೆತ ಯೆಶಾಯ ಪ್ರವಾದಿಯ ಸುರುಳಿಯಲ್ಲಿ, ಬಿಟ್ಟುಹೋದ ಪದಗಳನ್ನು ಸಾಲಿನ ಮೇಲೆ ಸೇರಿಸಿದ್ದಾರೆ; ಬೇಡವಾದ ಅಕ್ಷರಗಳಿಗೆ ಚುಕ್ಕೆಯಿಟ್ಟಿದ್ದಾರೆ. ತಪ್ಪೂ ಕಾಣುತ್ತದೆ, ತಿದ್ದಿದ್ದೂ ಕಾಣುತ್ತದೆ. ನಮ್ಮ ತಾಳೆಗರಿಯಲ್ಲಿಯೂ ಕಂಟದಿಂದ ಕೊರೆದದ್ದನ್ನು ಒರೆಸಿಹಾಕುವಂತಿರಲಿಲ್ಲ.

ಆದ್ದರಿಂದ ನಾನೊಂದು ದಾರಿ ಹುಡುಕಿದೆ. ಹಳೆಯ ಬರಹ ಹಾಗೆಯೇ ಇರಲಿ. ಕೊನೆಯಲ್ಲೊಂದು ಫಲಕ ಬರಲಿ: ಹೀಗೆ ಬರೆದದ್ದು ನಾನು, ಅವರ ಹೆಸರು ಇದು, ನಮ್ಮನ್ನು ಸಾಕಿದವರು ಅವರು. ಬರೆದು ಮುಗಿಸಿದಾಗ ಮನಸ್ಸು ಹಗುರವಾಯಿತು. ಅಷ್ಟು ಬೇಗ ಹಗುರವಾದದ್ದರಿಂದಲೇ ನನಗೆ ಸಂಶಯ ಹುಟ್ಟಬೇಕಿತ್ತು. ವಾಚಕರೇ, ಇಷ್ಟೆಲ್ಲ ಚರ್ಚೆ ನಡೆದದ್ದು ನಮ್ಮ ಜಗಲಿಯ ಮೇಲೆ, ನಮ್ಮ ನಮ್ಮೊಳಗೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ನಾನಂತೂ ಗಮನಿಸಿರಲಿಲ್ಲ. "ಅವರ ಮಗಳನ್ನು ಒಂದು ಮಾತು ಕೇಳಬೇಡವೇ?" ಎಂದವನು ಹುಡುಗ.

ಕೊಪ್ಪದ ಕಡೆಯ ಅವರ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆವು. ಅವರು ಪೂರ್ತಿ ನೋಡಿದರು. ತಾಯಿಯ ನಗುವನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದರು. ನನ್ನ ಫಲಕವನ್ನೂ ಓದಿದರು.

"ಅಣ್ಣಯ್ಯಾ, ಅವ್ವನ ಹೆಸರು ಇದಲ್ಲ. ಇದು ನಿಮ್ಮನೆಯವರು ಕರೀತಿದ್ದದ್ದು" ಎಂದರು.

ಅಷ್ಟು ವರ್ಷ ನಾವು ಬಾಯ್ತುಂಬ ಕರೆದದ್ದು ಅರ್ಧ ಹೆಸರು. (ಅವರ ನಿಜವಾದ ಹೆಸರನ್ನು ಪತ್ರಿಕೆಯಲ್ಲಿ ಬರೆಯಲು ನಾನು ಅನುಮತಿ ಕೇಳಿಲ್ಲ, ಆದ್ದರಿಂದ ಬರೆದಿಲ್ಲ.) ಹಳೆಯ ಬರಹವನ್ನು ಉಳಿಸಿದ್ದೇಕೆಂದು ವಿವರಿಸಹೊರಟೆ. ಅವರು ನಿಧಾನವಾಗಿ ಕೇಳಿ, "ನಮ್ಮ ಮಕ್ಳು ನೋಡ್ತವೆ. ಅವ್ವನ ಮುಖದ ಕೆಳಗೆ ಅದು ಬೇಡ. ನೀವು ಬರೆದ ಆ ಫಲಕ ಬೇಕಾದ್ರೆ ನಿಮ್ಮನೆ ಪ್ರತೀಲಿ ಇಟ್ಕೊಳಿ" ಎಂದರು.

ಎರಡು ಪ್ರತಿಗಳಾಗಬೇಕೆಂದು ಆಗ ತೀರ್ಮಾನವಾಯಿತು. ಒಳಗಿನಿಂದ ಅವರು ತಾಯಿಯ ಮತದಾರರ ಗುರುತಿನ ಚೀಟಿಯನ್ನು ತಂದುಕೊಟ್ಟರು. ಹುಡುಗ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಿ ಬರೆದುಕೊಂಡ.