ಊರ ಉಸಾಬರಿ

ಊರ ಉಸಾಬರಿ ನಮಗ್ಯಾಕೆ ಎನ್ನುವುದು ಕನ್ನಡದ ಹಳೆಯ ಬುದ್ಧಿಮಾತು. ಪರರ ವಿಷಯಕ್ಕೆ ಮೂಗು ತೂರಿಸಿ ಸೊರಗಬೇಡ ಎಂಬುದು ಅದರ ತಾತ್ಪರ್ಯ. ಪರವೂರಿಗೆ ಬಂದು ನೆಲೆಸಿದ ನಮಗಂತೂ ಈ ಮಾತು ಇನ್ನೂ ಚೆನ್ನಾಗಿ ಒಗ್ಗಿದೆ. ಏಕೆಂದರೆ ನಾವು ‘ಊರು’ ಎಂದಾಗ ನೆನೆಯುವುದು ಕುಂದಾಪುರವನ್ನು, ಜಮಖಂಡಿಯನ್ನು, ಹಾಸನವನ್ನು. ಡೊಂಬಿವಲಿಯಲ್ಲಿ ಇಪ್ಪತ್ತೈದು ವರ್ಷ ಸಂಸಾರ ಮಾಡಿದವರು ಕೂಡ ಮೇ ತಿಂಗಳಲ್ಲಿ ‘ಊರಿಗೆ’ ಹೊರಡುತ್ತಾರೆ. ಹಾಗಾದರೆ ಉಳಿದ ಹನ್ನೊಂದು ತಿಂಗಳು ಬಾಳುವ ಜಾಗ ಯಾವುದು? ಅಲ್ಲಿಯ ಉಸಾಬರಿ ಯಾರದು?

ಇದನ್ನು ನಾನು ಕೇಳುತ್ತಿರುವುದು ಒಂದು ಸಣ್ಣ, ನೀರಸ ವಿಷಯದ ಸಂಬಂಧವಾಗಿ. ನಾವಿರುವ ಕಟ್ಟಡದ, ಬೀದಿಯ, ವಾರ್ಡಿನ ಸರ್ಕಾರಿ ದಾಖಲೆಗಳನ್ನು ಹುಡುಕಿ, ಅರ್ಜಿ ಹಾಕಿ, ಓದುವುದು. ಅದು ನಾಗರಿಕನ ಕೆಲಸವೋ, ಕೆಲಸವಿಲ್ಲದವನ ಕೆಲಸವೋ?

ಮೊದಲು ಏನೇನು ಇದೆ ನೋಡೋಣ. ಜಮೀನಿಗೆ ಸಾತ್‌ಬಾರಾ ಇದೆ. 7 ಮತ್ತು 12ನೇ ಗ್ರಾಮ ನಮೂನೆಗಳು ಸೇರಿ ಆದ ಕಾಗದ, ನಮ್ಮ ಪಹಣಿಯ ಮರಾಠಿ ಅಣ್ಣ. ಸಿಟಿ ಸರ್ವೆ ಆದ ಜಾಗಕ್ಕೆ ಪ್ರಾಪರ್ಟಿ ಕಾರ್ಡ್. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಡೆಕ್ಸ್ ಟೂ: ಯಾರು ಯಾರಿಗೆ, ಎಷ್ಟಕ್ಕೆ ಮಾರಿದರು ಎಂಬುದೆಲ್ಲ ಒಂದೇ ಪುಟದಲ್ಲಿ. ಪಾಲಿಕೆಯಲ್ಲಿ ಕಟ್ಟಡದ ನಕ್ಷೆ, ಕೆಲಸ ಆರಂಭಿಸಲು ಕೊಟ್ಟ ಅನುಮತಿ, ಮತ್ತು ವಾಸಕ್ಕೆ ಯೋಗ್ಯ ಎಂದು ಕೊಡುವ ಓಸಿ. ಈ ಕೊನೆಯದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿಯೋ.

ಇವುಗಳಲ್ಲಿ ಕೆಲವನ್ನು ನೋಡಲು ಮಾಹಿತಿ ಹಕ್ಕು ಕಾಯ್ದೆಯೂ ಬೇಕಿಲ್ಲ. 1908ರ ನೋಂದಣಿ ಕಾಯ್ದೆ, ಅಂದರೆ ಬ್ರಿಟಿಷರ ಕಾಲದ್ದು, ಸ್ಥಿರಾಸ್ತಿಯ ದಸ್ತಾವೇಜುಗಳ 1ನೇ ಪುಸ್ತಕವನ್ನು ಶುಲ್ಕ ಕೊಟ್ಟ ಯಾರೇ ಬಂದರೂ ತೆರೆದು ತೋರಿಸಬೇಕು ಎನ್ನುತ್ತದೆ. ಅದೇ ಕಾಯ್ದೆ ಉಯಿಲುಗಳ 3ನೇ ಪುಸ್ತಕವನ್ನು ಹಾಗೆ ತೆರೆಯುವುದಿಲ್ಲ. ಉಯಿಲು ಬರೆದವನು ಬದುಕಿರುವವರೆಗೆ ಅದು ಅವನದು. ಸತ್ತ ಮೇಲೆ ಅರ್ಜಿ ಹಾಕಿದವರಿಗೆ ನಕಲು ಸಿಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯೂ ಹೀಗೆಯೇ: ಯಾರು ಬೇಕಾದರೂ ಒಂದು ಮರಣದ ನಮೂದನ್ನು ಹುಡುಕಿಸಿ ಉತಾರ ಪಡೆಯಬಹುದು, ಆದರೆ ಸಾವಿನ ಕಾರಣವನ್ನು ಆ ಉತಾರದಲ್ಲಿ ಬರೆಯುವಂತಿಲ್ಲ. ನೀತಿಶಾಸ್ತ್ರದ ಪುಸ್ತಕಗಳಿಗಿಂತ ಈ ಒಣ ಕಲಮುಗಳಲ್ಲಿ ನನಗೆ ಹೆಚ್ಚು ವಿವೇಕ ಕಂಡಿದೆ. ಮನುಷ್ಯ ಸತ್ತದ್ದು ಊರಿನ ಸಂಗತಿ. ಯಾವ ರೋಗದಿಂದ ಸತ್ತ ಎನ್ನುವುದು ಮನೆಯ ಸಂಗತಿ. ನೆಲ ಕೈ ಬದಲಾದದ್ದು ಊರಿನ ಸಂಗತಿ. ಯಾವ ಮಗನ ಮೇಲೆ ಅಪ್ಪನಿಗೆ ಮುನಿಸು ಎನ್ನುವುದು ಅಪ್ಪ ಇರುವತನಕ ಅಪ್ಪನದು.

ಇನ್ನು 2005ರ ಕಾಯ್ದೆ. ಅದರ 6ನೇ ಕಲಮಿನ 2ನೇ ಉಪಕಲಮು ಒಂದು ಪ್ರಶ್ನೆಯನ್ನೇ ನಿಷೇಧಿಸಿದೆ. ಮಾಹಿತಿ ಯಾಕೆ ಬೇಕು ಎಂದು ಅರ್ಜಿದಾರನನ್ನು ಕೇಳುವಂತಿಲ್ಲ. ಸಂಪರ್ಕಕ್ಕೆ ಬೇಕಾದಷ್ಟು ವಿವರ ಬಿಟ್ಟು ಬೇರೇನನ್ನೂ ಕೇಳುವಂತಿಲ್ಲ. ಹಾಗಿದ್ದರೂ ಕಿಟಕಿಯ ಆಚೆಯಿಂದ ಮೊದಲು ಬರುವ ಮಾತೇ ‘ಕಶಾಲಾ ಪಾಹಿಜೆ?’ ಕನ್ನಡ ಹೆಸರಿನವರಾದರೆ ಅದರ ಹಿಂದೆಯೇ ‘ತುಮ್ಹೀ ಕುಠಲೆ?’ ಎಂದು ಬರುವುದೂ ಉಂಟು.

ಯಾಕೆ ಎಂದು ಕೇಳಬಾರದು ಎಂಬುದನ್ನು ನಾನು ಸುಮ್ಮನೆ ಒಪ್ಪಿಕೊಂಡವನಲ್ಲ. ಆ ಕಡೆ ಕುಳಿತವರ ವಾದವನ್ನೂ ಕೇಳಬೇಕು. ಒಬ್ಬನೇ ಮನುಷ್ಯ ನೂರಾರು ಅರ್ಜಿ ಹಾಕುತ್ತಾನೆ, ಬಿಲ್ಡರನ ಕಡತ ತೆಗೆಸಿಕೊಂಡು ಅವನ ಬಳಿಯೇ ಹೋಗಿ ದುಡ್ಡು ಕೇಳುತ್ತಾನೆ, ನಮ್ಮ ದಿನದ ಕೆಲಸ ಕೆಡುತ್ತದೆ ಎನ್ನುತ್ತಾರೆ. ಇಂಥವರು ಇರುವುದು ಸುಳ್ಳಲ್ಲ. ಆದರೆ ಕಾರಣ ಕೇಳುವ ಪದ್ಧತಿ ಬಂದರೆ ಮೊದಲು ಸೋಲುವವನು ವಸೂಲಿ ಮಾಡುವವನಲ್ಲ. ಅವನ ಬಳಿ ಅಂದವಾದ ಕಾರಣಗಳು ಟೈಪ್ ಆಗಿಯೇ ಇರುತ್ತವೆ. ಸೋಲುವವಳು ‘ಸುಮ್ಮನೆ, ಗೊತ್ತಾಗಲಿ ಅಂತ’ ಎನ್ನುವ ನಾಲ್ಕನೇ ಮಹಡಿಯ ವಿಧವೆ. ಒಳ್ಳೆಯ ಕಾರಣ ಯಾವುದು ಎಂದು ತೀರ್ಮಾನಿಸುವ ಕೆಲಸ ಯಾರ ದಾಖಲೆಯಲ್ಲಿ ಹುಳುಕಿರಬಹುದೋ ಅವರ ಕೈಗೇ ಹೋಗುತ್ತದೆ. ಅದಕ್ಕಿಂತ ಹತ್ತು ಜನ ಕುತೂಹಲಿಗಳನ್ನು ಸಹಿಸುವುದು ಮೇಲು. ಮಹಾರಾಷ್ಟ್ರದ ನಿಯಮ ಅರ್ಜಿಗೆ 150 ಪದ, ಒಂದೇ ವಿಷಯ ಎಂಬ ಮಿತಿ ಹಾಕಿದೆ. ಕರ್ನಾಟಕದಲ್ಲೂ ಅದೇ 150. ಉದ್ದುದ್ದ ಬರೆಯುವ ನಮ್ಮಂಥವರಿಗೆ ಇದು ಶಿಕ್ಷೆಯೆನಿಸಿದರೂ, ಪ್ರಶ್ನೆ ಏನು ಎಂದು ತಾನೇ ತಿಳಿದುಕೊಳ್ಳದೆ ಕೇಳಲು ಹೋಗುವವನಿಗೆ ಅದು ಒಳ್ಳೆಯ ಮೇಷ್ಟ್ರು.

ಇಲ್ಲೊಂದು ಪದದ ವಿಷಯ. ಈ ಕಾಯ್ದೆಯನ್ನು ನಾವು ‘ಮಾಹಿತಿ ಹಕ್ಕು’ ಎನ್ನುತ್ತೇವೆ. ಮರಾಠಿಯಲ್ಲಿ ಅದು ‘ಮಾಹಿತೀಚಾ ಅಧಿಕಾರ’. ಕನ್ನಡದ ಕಿವಿಗೆ ಅಧಿಕಾರ ಎಂದರೆ ಕುರ್ಚಿಯಲ್ಲಿ ಕುಳಿತವರದು. ಹಾಗಾಗಿ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದ ಆ ಮರಾಠಿ ನಮೂನೆಯನ್ನು ಕಂಡಾಗಲೆಲ್ಲ, ಕುರ್ಚಿ ಸ್ವಲ್ಪ ಹೊತ್ತು ಕಿಟಕಿಯ ಈಚೆಗೆ ಬಂದಂತೆ ಅನಿಸುತ್ತದೆ. ಕಾಯ್ದೆಯ 3ನೇ ಕಲಮು ಹೇಳುವುದೂ ಎಲ್ಲ ನಾಗರಿಕರು ಎಂದೇ. ಮನೆ ಮಾಲೀಕರು ಎಂದಲ್ಲ, ಭೂಮಿಪುತ್ರರು ಎಂದಲ್ಲ, ಇಲ್ಲಿಯ ಮತದಾರರು ಎಂದೂ ಅಲ್ಲ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಮೇಲೆ ಠಾಣೆಯಲ್ಲಿರುವ ಗದಗದ ಹುಡುಗನಿಗೂ, ಹುಟ್ಟಿದಾಗಿನಿಂದ ಅಲ್ಲಿರುವವನಿಗೂ ಕಾಯ್ದೆಯ ಕಣ್ಣಲ್ಲಿ ವ್ಯತ್ಯಾಸವಿಲ್ಲ. ಅರ್ಜಿ ಮಾತ್ರ ಇಂಗ್ಲಿಷು, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಇಲ್ಲಿ ಕನ್ನಡ ನಡೆಯದು. ಅದರಲ್ಲಿ ಅನ್ಯಾಯವೇನೂ ಇಲ್ಲ, ಒಂದು ಊರಿನ ಉಸಾಬರಿ ಮಾಡುವವನು ಆ ಊರಿನ ಭಾಷೆ ಕಲಿಯಲಿ.

ವಿಚಿತ್ರವೆಂದರೆ ನಮಗೆ ತೀರ ಹತ್ತಿರದ ದಾಖಲೆ ಈ ಕಾಯ್ದೆಗೆ ಸಿಗುವುದಿಲ್ಲ. ಸರ್ಕಾರದ ಗಣನೀಯ ಹಣವಿಲ್ಲದ ಸಹಕಾರ ಸಂಘಗಳು ಸಾರ್ವಜನಿಕ ಪ್ರಾಧಿಕಾರಗಳಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಹೌಸಿಂಗ್ ಸೊಸೈಟಿಯ ಸದಸ್ಯನಿಗೆ ಮಹಾರಾಷ್ಟ್ರದ ಸಹಕಾರ ಕಾಯ್ದೆಯ 32ನೇ ಕಲಮು ಇದೆ. ಸಭೆಯ ನಡಾವಳಿ, ಲೆಕ್ಕಪತ್ರ ನೋಡಬಹುದು. ಬಾಡಿಗೆದಾರನಿಗೆ ಅದೂ ಇಲ್ಲ. ದೆಹಲಿಯ ಸಚಿವಾಲಯದ ಕಡತ ಕೇಳಬಲ್ಲ, ತನ್ನ ತಲೆಯ ಮೇಲಿನ ನೀರಿನ ಟ್ಯಾಂಕ್ ತೊಳೆಸಿದ ಲೆಕ್ಕ ಕೇಳಲಾರ.

ಈ ಹಕ್ಕು ಬಂದದ್ದು ನಗರದ ಓದಿದವರಿಂದಲ್ಲ ಎಂಬುದನ್ನು ನಾವು ಬೇಗ ಮರೆಯುತ್ತೇವೆ. ರಾಜಸ್ಥಾನದ ಹಳ್ಳಿಗಳಲ್ಲಿ 1990ರಲ್ಲಿ ಶುರುವಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್, 1994ರ ಡಿಸೆಂಬರ್‌ನಿಂದ ಜನಸುನವಾಯಿಗಳನ್ನು ನಡೆಸಿ ಕೂಲಿಯ ಹಾಜರಿ ಪಟ್ಟಿಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿಸಿತು. ಕೆಲಸವನ್ನೇ ಮಾಡದವರ ಹೆಸರುಗಳು ಅಲ್ಲಿದ್ದವು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ. ಕೂಲಿಯವರು ಬೇರೆಯವರ ಉಸಾಬರಿಗೆ ಹೋಗಿರಲಿಲ್ಲ. ತಮ್ಮ ಹೆಸರಿನಲ್ಲಿ ಬರೆದದ್ದನ್ನು ಓದಬೇಕೆಂದಿದ್ದರು. ನಮ್ಮ ಕಡೆಗೆ ಬಂದರೆ, ಪುಣೆಯ ಹೊರವಲಯದ ತಳೇಗಾಂವ್ ದಾಭಾಡೆಯಲ್ಲಿ ಜಮೀನಿನ ದಾಖಲೆಗಳನ್ನು ಕೆದಕುತ್ತಿದ್ದ ಸತೀಶ್ ಶೆಟ್ಟಿಯವರು 2010ರ ಜನವರಿ 13ರಂದು ಬೆಳಗಿನ ವಾಕಿಂಗ್‌ಗೆ ಹೋದಾಗ ಕೊಲೆಯಾದರು. ಉಸಾಬರಿಯ ಗಾದೆ ಹೇಳಿ ನಗುವಾಗ ಈ ಹೆಸರು ನೆನಪಿರಬೇಕು.

ಆದರೆ ಕಾಗದ ತೆರೆದಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ನನಗಿಲ್ಲ. ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ರೈತ ಗ್ರಾಮ ಲೆಕ್ಕಿಗನ ಮರ್ಜಿ ಕಾಯುವುದು ತಪ್ಪಿತು, ನಿಜ. ಆದರೆ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಬೆಂಗಳೂರಿನ ಸುತ್ತ ದೊಡ್ಡ ಜಮೀನು ಜೋಡಿಸುವವರಿಗೂ ಅದು ಹಾದಿ ಸಲೀಸು ಮಾಡಿತ್ತು. ಬಾಗಿಲು ಎಲ್ಲರಿಗೂ ತೆರೆದಿದ್ದರೂ ಮೊದಲು ಒಳಗೆ ನುಗ್ಗುವವನು ಕಾರಿನಲ್ಲಿ ಬಂದವನು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದು ನಮ್ಮ ಹೆಮ್ಮೆಯೇ. ಆದರೆ ಅದೇ ಖಾಸಗಿತನದ ಹೆಸರಿನಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಕತ್ತರಿಸಿತು. ಮೊದಲು ಅಲ್ಲಿ ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿ ಎಂದಿತ್ತು; ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾರಿಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಇತ್ತು. ತಿದ್ದುಪಡಿಯಲ್ಲಿ ‘ವೈಯಕ್ತಿಕ ಮಾಹಿತಿ’ ಎಂಬಷ್ಟೇ ಉಳಿಯಿತು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎಂಬ 8(2) ಇದೆಯಾದರೂ, ನಕ್ಷೆಗೆ ಸಹಿ ಹಾಕಿದ ಅಧಿಕಾರಿಯ ಹೆಸರೂ ವೈಯಕ್ತಿಕ ಎನ್ನಲು ಎಷ್ಟು ಹೊತ್ತು ಬೇಕು? 1908ರವರು ಪುಸ್ತಕ 1 ಮತ್ತು ಪುಸ್ತಕ 3 ಎಂದು ಬೇರ್ಪಡಿಸಿದ್ದನ್ನು ನಾವು ಒಂದೇ ಬೀರುವಿಗೆ ಹಾಕಿ ಬೀಗ ಜಡಿದಿದ್ದೇವೆ.

ನಾನು ಇಟ್ಟುಕೊಂಡಿರುವ ಅಳತೆ ಸರಳ. ಎದುರು ಮನೆಯವರು ಫ್ಲ್ಯಾಟಿಗೆ ಎಷ್ಟು ಕೊಟ್ಟರು ಎಂದು ಇಂಡೆಕ್ಸ್ ಟೂ ನೋಡುವುದಕ್ಕೆ ಕಾನೂನು ಅಡ್ಡಿ ಇಲ್ಲ, ಆದರೆ ಅದು ಚಾವಡಿ ಹರಟೆಯೇ. ಅವರ ಕಿಟಕಿಯ ಕೆಳಗಿನ ರಸ್ತೆಗೆ ಬಿಟ್ಟ ಜಾಗವನ್ನು ಯಾರು, ಯಾವ ಆದೇಶದಲ್ಲಿ ಬದಲಿಸಿದರು ಎಂದು ಕೇಳುವುದು ಬೇರೆ. ಮೊದಲನೆಯದು ಮನುಷ್ಯನನ್ನು ಹುಡುಕುತ್ತದೆ, ಎರಡನೆಯದು ತೀರ್ಮಾನವನ್ನು.

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ಇಕ್ಕಟ್ಟು ಉಳಿದೇ ಇದೆ, ಮತ್ತು ಅದು ಅಧಿಕಾರಿಗಳದ್ದಲ್ಲ, ನಮ್ಮದು. ಬಹಳ ಜನ ದಾಖಲೆ ಕೇಳದಿರುವುದು ಭಯದಿಂದ ಅಲ್ಲ, ಸೋಮಾರಿತನದಿಂದಲೂ ಅಲ್ಲ. ಉತ್ತರ ಸಿಕ್ಕಿಬಿಟ್ಟರೆ ಎಂಬ ಅಂಜಿಕೆಯಿಂದ. ನಮ್ಮ ಪರಿಚಯದ ಒಂದು ಸೊಸೈಟಿಯ ಸಭೆಯಲ್ಲಿ, ಓಸಿಯ ಪ್ರತಿಗೆ ಪಾಲಿಕೆಗೆ ಅರ್ಜಿ ಹಾಕೋಣ ಎಂಬ ಮಾತು ಬಂದಾಗ ಹಿರಿಯರೊಬ್ಬರು ಎದ್ದು ನಿಂತರು. “ಅದೆಲ್ಲ ಯಾಕೆ ಮಾರಾಯ್ರೆ? ಮೂವತ್ತು ವರ್ಷದಿಂದ ನಿಂತ ಬಿಲ್ಡಿಂಗು. ಇಲ್ಲ ಅಂತ ಬರೆದು ಕೊಟ್ಟರೆ ಏನು ಮಾಡ್ತೀರಿ? ಈಗ ಗೊತ್ತಿಲ್ಲ, ನಿದ್ದೆ ಬರ್ತದೆ.” ಯಾರೂ ನಗಲಿಲ್ಲ. ಅವರು ಎಲ್ಲರ ಮನಸ್ಸಿನದನ್ನೇ ಆಡಿದ್ದರು. ಕೆಲವರ ಫ್ಲ್ಯಾಟು ಮಾರಾಟಕ್ಕಿತ್ತು.

ಕಲ್ಯಾಣ ಡೊಂಬಿವಲಿಯಲ್ಲಿ 65 ಕಟ್ಟಡಗಳು ಪಾಲಿಕೆಯ ಅನುಮತಿ ಪತ್ರಗಳನ್ನೇ ನಕಲಿ ಮಾಡಿ, ಅವುಗಳ ಮೇಲೆ ರೇರಾ ನೋಂದಣಿ ಪಡೆದಿದ್ದವು. ಒಬ್ಬ ವಾಸ್ತುಶಿಲ್ಪಿ ಕಾಗದಗಳ ಬೆನ್ನು ಹತ್ತಿ ಹೈಕೋರ್ಟಿಗೆ ಹೋದರು. 2024ರಲ್ಲಿ ಕೆಡವಲು ಆದೇಶವಾಯಿತು. ಸಾಲ ಮಾಡಿ ಕೊಂಡವರ ಪಾಲಿಗೆ ಆ ವಾಸ್ತುಶಿಲ್ಪಿ ಯಾರು? ಕಣ್ಣು ತೆರೆಸಿದವರೋ, ಮನೆ ಮುರಿದವರೋ? ಸುಲಭದ ಉತ್ತರ ನನ್ನಲ್ಲಿಲ್ಲ. ಆದರೆ 2013ರ ಏಪ್ರಿಲ್ 4ರಂದು ಮುಂಬ್ರಾದ ಶಿಳ್ ಫಾಟಾದಲ್ಲಿ ಇನ್ನೂ ಕಟ್ಟುತ್ತಿದ್ದ ಅಕ್ರಮ ಕಟ್ಟಡ ಕುಸಿದು 74 ಜನ ಸತ್ತರು. ಅಲ್ಲಿ ಆಗಲೇ ವಾಸಕ್ಕೆ ಬಂದಿದ್ದವರು ಕೂಲಿಯವರು, ಬಡವರು. ಅವರು ಅರ್ಜಿ ಹಾಕಬಹುದಿತ್ತು ಎನ್ನುವುದು ಕ್ರೂರ ಹಾಸ್ಯ. ಕೇಳುವ ಭಾರ ಎಲ್ಲರ ಮೇಲೆ ಸಮವಾಗಿ ಬೀಳುವುದಿಲ್ಲ. ನಮೂನೆ ತುಂಬಬಲ್ಲ, ಮೂವತ್ತು ದಿನ ಕಾಯಬಲ್ಲ, ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಬರೆಯಬಲ್ಲ ನಮ್ಮಂಥವರ ಮೇಲೆ ಅದು ಹೆಚ್ಚು. ಗೊತ್ತಿಲ್ಲದಿರುವುದು ಬಡವನಿಗೆ ಗತಿ. ನಮಗೆ ಅದು ಆಯ್ಕೆ. ಆಯ್ಕೆ ಮಾಡಿಕೊಂಡ ಅಜ್ಞಾನವನ್ನು ಮುಗ್ಧತೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಆ ಸೊಸೈಟಿಯಲ್ಲಿ ಅರ್ಜಿ ಹೋಯಿತು, ಬಹುಮತದಿಂದಲ್ಲ, ಒಬ್ಬ ಸದಸ್ಯೆಯ ಸ್ವಂತ ಹೆಸರಿನಲ್ಲಿ. ಆ ಶೀರ್ಷಿಕೆಯ ದಾಖಲೆ ಕಚೇರಿಯಲ್ಲಿ ಲಭ್ಯವಿಲ್ಲ ಎಂದು ಉತ್ತರ ಬಂತು. ಲಭ್ಯವಿಲ್ಲ ಎಂದರೆ ಕೊಟ್ಟೇ ಇಲ್ಲವೋ, ಕಳೆದಿದೆಯೋ? ಮೇಲ್ಮನವಿ ಹಾಕಿದ್ದಾರೆ. ಅಷ್ಟರಲ್ಲಿ ಎರಡನೇ ಮಹಡಿಯವರು ಮೈಸೂರಿಗೆ ಮರಳಲು ಮನೆ ಮಾರಲು ಹೊರಟರು. ಕೊಳ್ಳಲು ಬಂದದ್ದು ಕಲಬುರಗಿಯ ಎಳೆಯ ದಂಪತಿ, ಮೊದಲ ಮನೆ. ಅವರು ಓಸಿಯ ಬಗ್ಗೆ ಕೇಳಲಿಲ್ಲ. ಎರಡನೇ ಮಹಡಿಯವರು ಎರಡು ದಿನ ಯೋಚಿಸಿ, ಆ ಉತ್ತರದ ಜೆರಾಕ್ಸ್ ತೆಗೆಸಿ ಅವರ ಕೈಗೆ ಕೊಟ್ಟರು. ದಂಪತಿ ಇನ್ನೂ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಬೆಲೆ ಇಳಿಸುತ್ತೀರಾ ಎಂದು ಕೇಳಿದ್ದಾರಂತೆ.