ಮೊದಲು ಯಾವುದನ್ನು ಮುಚ್ಚಬೇಕು?

ಗುಡುಗು ಶುರುವಾದರೆ ಟಿ.ವಿ.ಯ ಪ್ಲಗ್ ಕಿತ್ತಿಡುವುದು ನಮ್ಮೆಲ್ಲರ ಮನೆಗಳ ರೂಢಿ. ಸಿಡಿಲು ನಮ್ಮ ಮಾಳಿಗೆಯ ಮೇಲೇ ಬೀಳಬೇಕಿಲ್ಲ, ದೂರ ಬಿದ್ದರೂ ತಂತಿಗುಂಟ ಒಳಗೆ ಬರುತ್ತದೆಂದು ನಾವು ಬಲ್ಲೆವು. ಮನುಷ್ಯ ತಾನೇ ಅಂಥದೊಂದನ್ನು ಆಕಾಶದಲ್ಲಿ ಹುಟ್ಟಿಸಿದರೆ?

1962ರ ಜುಲೈಯಲ್ಲಿ ಅಮೆರಿಕದವರು ಪೆಸಿಫಿಕ್ ಸಾಗರದ ಮೇಲೆ, ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ಒಂದು ಪರಮಾಣು ಬಾಂಬನ್ನು ಸಿಡಿಸಿ ನೋಡಿದರು. ಅಲ್ಲಿಂದ ಸುಮಾರು 1,400 ಕಿಲೋಮೀಟರು ದೂರದ ಹವಾಯಿಯಲ್ಲಿ ಬೀದಿದೀಪಗಳು ಕೆಲವು ಆರಿದವು. ಕಳ್ಳರನ್ನು ಹಿಡಿಯುವ ಗಂಟೆಗಳು ತಾವೇ ಬಾರಿಸಿದವು. ಪೆಟ್ಟು ಬಿದ್ದದ್ದು ಜನರ ಮೈಗಲ್ಲ, ತಂತಿಗೆ. ಸ್ಫೋಟದ ಗಾಮಾ ಕಿರಣಗಳು ಮೇಲಿನ ಗಾಳಿಯಿಂದ ಎಲೆಕ್ಟ್ರಾನುಗಳನ್ನು ಹೊಡೆದು ಹಾರಿಸುತ್ತವೆ. ಭೂಮಿಯ ಅಯಸ್ಕಾಂತ ಶಕ್ತಿ ಅವನ್ನು ತಿರುಗಿಸುತ್ತದೆ. ಆ ತಿರುವಿನಲ್ಲಿ ವಿದ್ಯುತ್ಕಾಂತೀಯ ಅಲೆಯೊಂದು ಏಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಉದ್ದನೆಯ ತಂತಿಗಳು ಅದನ್ನು ಹೀರಿ, ತುದಿಯಲ್ಲಿರುವ ಸೂಕ್ಷ್ಮ ಉಪಕರಣವನ್ನು ಸುಡಬಲ್ಲವು.

ಈ ಭಯದಿಂದಲೇ ಯುದ್ಧವಿಮಾನಗಳಿಗೆ ರಕ್ಷಣೆಯ ವಿದ್ಯೆ ಬೆಳೆದದ್ದು. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ನಮ್ಮ ತೇಜಸ್ಸನ್ನೇ ನೋಡಿ. ಪೈಲಟ್ಟಿನ ಕೈಗೂ ರೆಕ್ಕೆಗೂ ನಡುವೆ ಕಂಪ್ಯೂಟರು ಇದೆ. ಅದು ಸುಮ್ಮನಾದರೆ ತೋಳ್ಬಲದಿಂದ ಅದನ್ನು ಹಾರಿಸಲಾಗದು. ಒಡಲಿನ ತೂಕದಲ್ಲಿ ಸುಮಾರು ಶೇಕಡ 45ರಷ್ಟು ಕಾರ್ಬನ್ ಎಳೆಗಳಂಥ ಹಗುರ ವಸ್ತು. ಅಲ್ಯುಮಿನಿಯಂ ತಗಡಿನಷ್ಟು ಚೆನ್ನಾಗಿ ಅದು ಅಲೆಯನ್ನು ತಡೆಯದು. ಇಂಥ ಒಡಲಿನ ಮೇಲ್ಪದರದಲ್ಲಿ ತಾಮ್ರದ ಬಲೆ ಹಾಸಬಹುದು, ತಂತಿಗಳಿಗೆ ಲೋಹದ ಎಳೆಗಳ ಹೆಣಿಗೆ ತೊಡಿಸಬಹುದು. ಕೆಲವೆಡೆ ತಂತಿಯ ಬದಲು ಬೆಳಕನ್ನು ಒಯ್ಯುವ ಗಾಜಿನ ಎಳೆ ಹಾಕುತ್ತಾರೆ. ಗಾಜು ಆ ಅಲೆಯನ್ನು ಹೀರುವುದಿಲ್ಲ.

ಇಳಕಲ್ಲಿನವಳಾದ ನನಗೆ ಇದು ನೇಯ್ಗೆಯ ಮಾತಾಗಿಯೇ ಕೇಳಿಸುತ್ತದೆ. ನಮ್ಮ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಶಿಮೆ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಸೀರೆಯ ಜೀವ ಇರುವುದು ಆ ಕೂಡಿಕೆಯಲ್ಲಿ. ವಿಮಾನದಲ್ಲಿಯೂ ಹಾಗೆಯೇ. ಬಾಗಿಲ ಅಂಚಿನಲ್ಲಿ, ತಗಡು ತಗಡು ಸೇರುವಲ್ಲಿ ಅಲೆ ನುಸುಳುತ್ತದೆ. ಸಣ್ಣ ದುಂಡು ತೂತಿಗಿಂತ ಉದ್ದನೆಯ ಕೂದಲೆಳೆಯ ಬಿರುಕೇ ಹೆಚ್ಚು ಅಪಾಯ.

ಇನ್ನು ಪ್ರಶ್ನೆಗೆ ಬರುತ್ತೇನೆ. ಇಷ್ಟೆಲ್ಲ ಜತನ ಕೊಲ್ಲುವ ಯಂತ್ರಕ್ಕೇಕೆ, ಬದುಕಿಸುವ ಯಂತ್ರಕ್ಕೇಕಿಲ್ಲ? ಹೆರಿಗೆ ವಾರ್ಡಿನಲ್ಲಿ ತಿಂಗಳು ತುಂಬದ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಗೆ, ಊರಿಗೆ ನೀರೆತ್ತುವ ಪಂಪಿಗೆ ಸಾಮಾನ್ಯವಾಗಿ ಇಂಥ ಹೊದಿಕೆ ಇರುವುದಿಲ್ಲ. ವಿಮಾನವನ್ನು ಕಾಯಬಾರದೆಂದು ನಾನು ಹೇಳಲಾರೆ. ಒಳಗೆ ಕೂತವನೂ ಒಬ್ಬಳ ಮಗನೇ. ಗಡಿಯೂ ಮನೆಯ ಗೋಡೆಯೇ.

ನನ್ನ ಬಾಲ್ಯದ ಮನೆಯ ಮಾಳಿಗೆ ಸೋರುತ್ತಿತ್ತು. ಮಳೆ ಬಂದರೆ ಅವ್ವ ಮೊದಲು ಓಡುತ್ತಿದ್ದುದು ಮಗ್ಗದ ಹಾಸಿಗೆ ತಟ್ಟು ಹೊದಿಸಲು. ನಾವು ಮಕ್ಕಳು ತೋಯ್ಸಿಕೊಂಡು ಅಳುತ್ತಿದ್ದೆವು. “ಹಾಸು ಕೆಟ್ರ ನಾಳೆ ಒಲಿ ಹತ್ತೂದಿಲ್ಲ” ಎನ್ನುತ್ತಿದ್ದಳು. ಅವಳ ಲೆಕ್ಕ ಸರಿಯಾಗಿತ್ತು. ಆದರೆ ಹಾಸು ಮುಚ್ಚಿದ ಮರುಗಳಿಗೆಯೇ ತಿರುಗಿ ನಮ್ಮನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಮಗ್ಗವನ್ನು ಕಾದದ್ದು ನಮಗಾಗಿ ಎಂಬುದನ್ನು ಅವಳು ಮರೆತವಳಲ್ಲ.

ರಾಜ್ಯಗಳು ತಡಮಾಡುವುದು ಈ ಎರಡನೆಯ ಹೆಜ್ಜೆಗೆ. ಈ ಅಲೆಯಿಂದ ಜನರ ವಿದ್ಯುತ್ ಜಾಲದಂಥ ವ್ಯವಸ್ಥೆಗಳನ್ನೂ ಕಾಯಬೇಕೆಂದು ಅಮೆರಿಕದ ಅಧ್ಯಕ್ಷರ ಆದೇಶವೊಂದು ಹೊರಟದ್ದು 2019ರಲ್ಲಿ. ಹವಾಯಿಯ ದೀಪ ಆರಿ ಅರ್ಧ ಶತಮಾನ ದಾಟಿದ ಮೇಲೆ. ಮೊದಲು ಆಯುಧವನ್ನು ಮುಚ್ಚುವುದು ತಪ್ಪಲ್ಲ. ಅದನ್ನಷ್ಟೇ ಮುಚ್ಚಿ ಕೈ ತೊಳೆದುಕೊಳ್ಳುವುದು ತಪ್ಪು.

ಮೂರನೆಯ ಹೆಜ್ಜೆಯೂ ಒಂದುಂಟು: ಮಾಳಿಗೆ ಸೋರದಂತೆ ಮಾಡುವುದು. 1963ರಲ್ಲಿ ಗಾಳಿ, ನೀರು, ಅಂತರಿಕ್ಷಗಳಲ್ಲಿ ಪರಮಾಣು ಪರೀಕ್ಷೆ ನಡೆಸಬಾರದೆಂಬ ಒಪ್ಪಂದವಾಯಿತು. ಭಾರತವೂ ಅದೇ ವರ್ಷ ಸಹಿ ಹಾಕಿತು. ತಾಮ್ರದ ಬಲೆ ಒಂದು ವಿಮಾನವನ್ನು ಕಾದೀತು. ಆ ಕಾಗದದ ಹಾಳೆಯ ನೆರಳಿನಲ್ಲಿ ಹೆರಿಗೆ ವಾರ್ಡೂ ಇತ್ತು. ಹೆಣ್ಣುಮಕ್ಕಳಾದ ನಾವು ರಕ್ಷಣೆಯ ಮಾತು ಬಂದಾಗಲೆಲ್ಲ ಕೇಳಬೇಕಾದದ್ದು ಇಷ್ಟೇ: ಹೊದಿಸಿದಿರಿ, ಸಂತೋಷ, ಹೊರಗೆ ಉಳಿದವರು ಯಾರು?