ನೇಣು ನೋಡಿದ ನಾವು

2006ರ ಡಿಸೆಂಬರ್ 30ರ ಬೆಳಗಿನ ಜಾವ ಬಗ್ದಾದಿನಲ್ಲಿ ಸದ್ದಾಮ್ ಹುಸೇನ್‌ರನ್ನು ಗಲ್ಲಿಗೇರಿಸಲಾಯಿತು. ಇರಾಕಿನ ಸರಕಾರಿ ಟಿ.ವಿ. ತೋರಿಸಿದ ಚಿತ್ರದಲ್ಲಿ ಧ್ವನಿ ಇರಲಿಲ್ಲ. ಮುಸುಕು ಬೇಡವೆಂದ ಮುದುಕನೊಬ್ಬನ ಕೊರಳಿಗೆ ಹಗ್ಗ ಬಿಗಿಯುವಲ್ಲಿಗೆ ಅದು ನಿಂತಿತು. ಎಲ್ಲವೂ ಶಾಂತವಾಗಿ, ಕಾನೂನಿನ ಪ್ರಕಾರ ನಡೆಯಿತೆಂದು ಜಗತ್ತು ನಂಬಬೇಕಿತ್ತು. ಆದರೆ ಅಲ್ಲಿದ್ದ ಯಾರದೋ ಮೊಬೈಲಿನಲ್ಲಿ ಸೆರೆಯಾದ ಇನ್ನೊಂದು ಚಿತ್ರ ಬಹುಬೇಗ ಹೊರಬಿತ್ತು. ಅದರಲ್ಲಿ ಧ್ವನಿ ಇತ್ತು. ಮುಕ್ತದಾ ಅಲ್ ಸದ್ರ್ ಹೆಸರಿನ ಘೋಷಣೆ, ನರಕಕ್ಕೆ ಹೋಗೆಂಬ ಕೂಗು, ಸುಮ್ಮನಿರಿ ಎಂದು ಕೇಳಿಕೊಳ್ಳುವ ಸರಕಾರಿ ವಕೀಲ ಮುನ್ಕಿದ್ ಅಲ್ ಫಾರೂನ್ ದನಿ. ಸದ್ದಾಮ್ ಕಲಿಮಾ ಹೇಳುತ್ತಿದ್ದರು. ಎರಡನೇ ಸಲ ಅದನ್ನು ಹೇಳಿ ಮುಗಿಸುವ ಮೊದಲೇ ಕಾಲಡಿಯ ಹಲಗೆ ತೆರೆದುಕೊಂಡಿತು.

ಆ ತುಣುಕು ನಮ್ಮೂರುಗಳಿಗೂ ಬಂತು. ಬ್ಲೂಟೂತ್ ಹೊಸತಾಗಿದ್ದ ಕಾಲ. ಅಂಗಡಿ ಕಟ್ಟೆಯಲ್ಲಿ, ಬಸ್ಸಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಅದು ಹರಿಯಿತು. ಕಣ್ಣೀರು ಹಾಕಿ ನೋಡಿದವರಿದ್ದರು, ಖುಷಿಪಟ್ಟು ನೋಡಿದವರೂ ಇದ್ದರು. ನೋಡುವುದೇ ಬೇಡವೆಂದವರು ಕಡಿಮೆ. ನಾವು ಕೂಡ ನೋಡಿದೆವು. ಒಂದಕ್ಕಿಂತ ಹೆಚ್ಚು ಸಲ.

ಅಂದು ಇರಾಕಿನ ಸುನ್ನಿಗಳಿಗೆ ಬಕ್ರೀದ್. ಶಿಯಾಗಳಿಗೆ ಹಬ್ಬ ಮರುದಿನ. ಹಬ್ಬದ ದಿನ ಗಲ್ಲಿಗೇರಿಸಬಾರದೆಂದು ಇರಾಕಿನ ಕಾನೂನೇ ಹೇಳುತ್ತಿತ್ತು. ಒಂದೇ ದೇಶದಲ್ಲಿ ಯಾರ ಹಬ್ಬ ಹಬ್ಬ, ಯಾರದು ಅಲ್ಲ ಎಂಬುದನ್ನು ನೇಣುಗಂಬ ತೀರ್ಮಾನಿಸಿತು. ಬಕ್ರೀದಿನಂದು ಕುರ್ಬಾನಿ ಕೊಡುವ ಪ್ರತಿಯೊಂದು ಮನೆಯವರಿಗೂ ಒಂದು ನಿಯಮ ಗೊತ್ತಿದೆ. ಪ್ರಾಣಿಯ ಎದುರಿಗೆ ಕತ್ತಿ ಮಸೆಯಬಾರದು. ಒಂದರ ಕಣ್ಣ ಮುಂದೆ ಇನ್ನೊಂದನ್ನು ಕೊಯ್ಯಬಾರದು. ಸಾಯಲಿರುವ ಕುರಿಗೆ ಸಲ್ಲುವ ಈ ಮರ್ಯಾದೆ ಅಂದು ಒಬ್ಬ ಮನುಷ್ಯನಿಗೆ ಸಲ್ಲಲಿಲ್ಲ.

ಹಾಗೆಂದು ಆ ಮನುಷ್ಯ ಯಾರು ಎಂಬುದನ್ನು ಮರೆತು ಮಾತಾಡುವುದು ಸುಲಭ. ನಮ್ಮಲ್ಲಿ ಅನೇಕರು ಮರೆತರು. ಅವರನ್ನು ಶಹೀದ್ ಎಂದು ಕರೆದವರೂ ಉಂಟು. 1982ರ ಜುಲೈಯಲ್ಲಿ ದುಜೈಲ್ ಎಂಬ ಊರಿನಲ್ಲಿ ತನ್ನ ಮೇಲೆ ಗುಂಡು ಹಾರಿತೆಂಬ ಕಾರಣಕ್ಕೆ ಅಲ್ಲಿಯ 148 ಮಂದಿ ಗಂಡಸರನ್ನು, ಹುಡುಗರನ್ನು ಕೊಲ್ಲಿಸಿದ, ಹೆಂಗಸರು ಮಕ್ಕಳನ್ನು ಮರುಭೂಮಿಗೆ ಅಟ್ಟಿದ, ಖರ್ಜೂರದ ತೋಟಗಳನ್ನು ನೆಲಸಮ ಮಾಡಿಸಿದ ಆಡಳಿತ ಅದು. 1988ರ ಮಾರ್ಚ್ 16ರಂದು ಹಲಬ್ಜದ ಮೇಲೆ ವಿಷಾನಿಲ ಸುರಿದು ಸುಮಾರು ಐದು ಸಾವಿರ ಕುರ್ದ್‌ಗಳನ್ನು ಕೊಂದದ್ದೂ ಅದೇ. ಅದೇ ವರ್ಷ ಕುರ್ದ್ ಹಳ್ಳಿಗಳನ್ನು ಅಳಿಸಿಹಾಕಿದ ಕಾರ್ಯಾಚರಣೆಗೆ ಇಟ್ಟ ಹೆಸರು ಅನ್ಫಾಲ್. ಕುರ್‌ಆನಿನ ಎಂಟನೇ ಅಧ್ಯಾಯದ ಹೆಸರದು. ಕನಿಷ್ಠ ಐವತ್ತು ಸಾವಿರ ಮಂದಿಯನ್ನು, ಅದರಲ್ಲೂ ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು, ಕೊಂದ ಕೆಲಸಕ್ಕೆ ಅಲ್ಲಾಹನ ಗ್ರಂಥದಿಂದ ಹೆಸರು ಆರಿಸಿಕೊಂಡವರ ಕೈಯಲ್ಲಿ ಕೊನೆಗೆ ಕುರ್‌ಆನ್ ಇತ್ತೆಂಬ ಒಂದೇ ಕಾರಣಕ್ಕೆ ನಮ್ಮ ಕಣ್ಣು ಮಂಜಾಗಬೇಕೇ? ಹಲಬ್ಜದ ತಾಯಂದಿರಿಗಾಗಿ ನಮ್ಮ ಎಷ್ಟು ಮೊಹಲ್ಲಾಗಳಲ್ಲಿ ಮೆರವಣಿಗೆ ಹೊರಟಿತ್ತು?

ನೇಣನ್ನು ಖಂಡಿಸಿ ಮಾತ್ರ ಹೊರಟಿತು. 2007ರ ಜನವರಿ 19ರಂದು ಬೆಂಗಳೂರಿನಲ್ಲಿ ನಡೆದ ಪ್ರತಿಭಟನೆಯ ಬೆನ್ನಿಗೇ ಶಿವಾಜಿನಗರದ ಸುತ್ತ ಹಿಂಸೆ ನಡೆಯಿತು. ಎರಡು ದಿನಗಳ ನಂತರ ಇನ್ನೊಂದು ಕಡೆಯವರ ಸಮಾವೇಶದ ಹೊತ್ತಿಗೆ ಅದು ಮತ್ತೆ ಭುಗಿಲೆದ್ದಿತು. ಕರ್ಫ್ಯೂ ಬಂತು. ಒಬ್ಬ ಬಾಲಕ ಜೀವ ಕಳೆದುಕೊಂಡ. ಬಗ್ದಾದಿನ ಹಗ್ಗಕ್ಕೂ ಆ ಹುಡುಗನಿಗೂ ಏನು ಸಂಬಂಧ ಎಂದು ಅವನ ಮನೆಯವರು ಕೇಳಿದರೆ ಉತ್ತರಿಸುವವರು ಯಾರು?

ಸರ್ವಾಧಿಕಾರಿಗೆ ಮರಣದಂಡನೆ ಸಲ್ಲದು ಎಂದು ಸಾರಾಸಗಟಾಗಿ ಹೇಳುವವರ ಸಾಲಿನಲ್ಲಿ ನಾವಿಲ್ಲ. ಇರಾಕಿನ ಅಧ್ಯಕ್ಷರಾಗಿದ್ದ ಜಲಾಲ್ ತಲಬಾನಿ ಆ ಸಾಲಿನಲ್ಲಿದ್ದರು. ಸ್ವತಃ ಕುರ್ದ್ ಆಗಿದ್ದೂ ಅವರು ಆ ಆದೇಶಕ್ಕೆ ಸಹಿ ಹಾಕಲಿಲ್ಲ, ಸಹಿ ಹಾಕಿದ್ದು ಪ್ರಧಾನಿ ನೂರಿ ಅಲ್ ಮಾಲಿಕಿ. ತಲಬಾನಿಯವರ ನಿಲುವಿನ ಬಗ್ಗೆ ನಮಗೆ ಗೌರವವಿದೆ. ಇಸ್ಲಾಮೀ ನ್ಯಾಯಶಾಸ್ತ್ರದ ಕಿಸಾಸ್ ಜೀವಕ್ಕೆ ಪ್ರತಿಯಾಗಿ ಜೀವ ಕೇಳುವುದಕ್ಕೆ ಅವಕಾಶ ಕೊಡುತ್ತದೆ. ಆದರೆ ಆ ಹಕ್ಕನ್ನು ಅದು ಯಾರ ಕೈಗೆ ಕೊಡುತ್ತದೆ ಎಂಬುದನ್ನು ಗಮನಿಸಬೇಕು. ಅದು ಸತ್ತವನ ವಾರಸುದಾರರದು. ಕೇಳುವುದೂ ಅವರೇ, ಕ್ಷಮಿಸುವುದೂ ಅವರೇ. ಗೆದ್ದ ಪಕ್ಷದ ಗುಂಪಿಗಾಗಲಿ, ದಂಡೆತ್ತಿ ಬಂದ ಸೈನ್ಯಕ್ಕಾಗಲಿ ಅದರಲ್ಲಿ ಪಾಲಿಲ್ಲ.

ಬಗ್ದಾದಿನ ವಿಚಾರಣೆಯಲ್ಲಿ ಈ ಹಕ್ಕುದಾರರು ಎಲ್ಲಿದ್ದರು? ದುಜೈಲಿನ ಕೆಲವು ಸಾಕ್ಷಿಗಳು ಜೀವಭಯದಿಂದ ಪರದೆಯ ಹಿಂದೆ ಕುಳಿತು, ದನಿ ಬದಲಿಸಿ ಮಾತಾಡಿದರು. ಮೂವರು ಪ್ರತಿವಾದಿ ವಕೀಲರು ಕೊಲೆಯಾದರು. ಆರೋಪಿಗೆ ಮಾತಾಡಲು ಹೆಚ್ಚು ಅವಕಾಶ ಕೊಡುತ್ತಾರೆಂಬ ಟೀಕೆ ಎದುರಿಸಿದ ಮೊದಲ ಮುಖ್ಯ ನ್ಯಾಯಾಧೀಶ ರಿಜ್ಗರ್ ಅಮೀನ್ 2006ರ ಜನವರಿಯಲ್ಲಿ ಕೆಳಗಿಳಿದರು. ನವೆಂಬರ್ 5ರಂದು ತೀರ್ಪು, ಡಿಸೆಂಬರ್ 26ಕ್ಕೆ ಮೇಲ್ಮನವಿ ವಜಾ, ನಾಲ್ಕನೇ ದಿನ ನೇಣು. ಕುರ್ದ್‌ಗಳ ಅನ್ಫಾಲ್ ವಿಚಾರಣೆ ಆಗಸ್ಟ್‌ನಲ್ಲಷ್ಟೇ ಆರಂಭವಾಗಿತ್ತು. ಇಷ್ಟು ಅವಸರ ಯಾಕೆ? ದೀರ್ಘ ವಿಚಾರಣೆಯಲ್ಲಿ ಬಹಳಷ್ಟು ಹೆಸರುಗಳು ಬರುತ್ತಿದ್ದವು. ಇರಾಕಿಗೆ ರಾಸಾಯನಿಕ ಮಾರಿದ ಒಬ್ಬ ಡಚ್ ವ್ಯಾಪಾರಿಗೆ 2005ರಲ್ಲಿ ಹೇಗ್‌ನ ನ್ಯಾಯಾಲಯ ಶಿಕ್ಷೆ ವಿಧಿಸಿತ್ತು. ಮಾರಿದವನು ಅವನೊಬ್ಬನೇ ಆಗಿರಲಿಲ್ಲ. 1983ರ ಡಿಸೆಂಬರ್‌ನಲ್ಲಿ ಬಗ್ದಾದಿಗೆ ಬಂದು ಸದ್ದಾಮರ ಕೈ ಕುಲುಕಿದ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರೇ 2003ರ ಆಕ್ರಮಣದ ಹೊತ್ತಿಗೆ ಅಮೆರಿಕದ ರಕ್ಷಣಾ ಸಚಿವರು. ಸತ್ತವನು ಸಾಕ್ಷಿ ಹೇಳಲಾರ ಎಂಬುದು ಎಲ್ಲರಿಗೂ ಅನುಕೂಲವಾಗಿತ್ತು ಎಂದು ನಮಗನಿಸುತ್ತದೆ.

ರುಮೇನಿಯದಲ್ಲೂ ಹೀಗೇ ಆಗಿತ್ತು. 1989ರ ಕ್ರಿಸ್ಮಸ್ ದಿನ ಚೌಸೆಸ್ಕು ದಂಪತಿಯನ್ನು ಸುಮಾರು ಒಂದು ಗಂಟೆಯ ವಿಚಾರಣೆಯ ನಂತರ ಗುಂಡಿಕ್ಕಿ ಕೊಂದು ಟಿ.ವಿ.ಯಲ್ಲಿ ತೋರಿಸಿದರು. ಅಲ್ಲೂ ಹಬ್ಬದ ದಿನವೇ. ಮರುತಿಂಗಳೇ ಆ ದೇಶ ಮರಣದಂಡನೆಯನ್ನು ರದ್ದುಗೊಳಿಸಿತು. 2011ರ ಅಕ್ಟೋಬರ್‌ನಲ್ಲಿ ಲಿಬಿಯದ ಗದ್ದಾಫಿಯ ಶವವನ್ನು ಮಿಸ್ರಾತದ ಶೀತಲಗೃಹದಲ್ಲಿಟ್ಟಾಗ ಜನ ಸಾಲುಗಟ್ಟಿ ನಿಂತು ನೋಡಿದರು.

ಬೇರೆ ದಾರಿಯೇ ಇರಲಿಲ್ಲವೆನ್ನುವವರು ಚಾಡ್ ದೇಶವನ್ನು ನೋಡಬಹುದು. 1982ರಿಂದ 1990ರವರೆಗೆ ಅದನ್ನಾಳಿದ ಹಿಸೆನ್ ಹಬ್ರೆಯ ಸೆರೆಮನೆಗಳಿಂದ ಬದುಕಿ ಬಂದವರು ವರ್ಷಗಟ್ಟಲೆ ದೂರು ಹೊತ್ತು ಅಲೆದರು. ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಆಫ್ರಿಕನ್ನರದೇ ವಿಶೇಷ ನ್ಯಾಯಾಲಯ ಕುಳಿತಿತು. ಹಬ್ರೆ ಮುಂಡಾಸಿನಲ್ಲಿ ಮುಖ ಮುಚ್ಚಿ, ಕಪ್ಪು ಕನ್ನಡಕ ಹಾಕಿ, ಬಾಯಿ ಬಿಡದೆ ಕುಳಿತರು. ಅವರ ಎದುರೇ ನಿಂತು ಹೆಂಗಸರು, ಗಂಡಸರು ತಮಗಾದದ್ದನ್ನು ಹೇಳಿದರು. 2016ರ ಮೇ 30ರಂದು ಜೀವಾವಧಿ ಶಿಕ್ಷೆಯಾಯಿತು. 2021ರಲ್ಲಿ ಅವರು ಕೈದಿಯಾಗಿಯೇ ಸತ್ತರು. ಯಾರೂ ಅವರನ್ನು ಹುತಾತ್ಮರೆಂದು ಮೆರವಣಿಗೆ ಮಾಡಿದ್ದು ನಮಗೆ ಗೊತ್ತಿಲ್ಲ.

ಹಲಬ್ಜದವರಿಗೆ ಆ ದಿನ ಸಿಗಲಿಲ್ಲ. 2007ರ ಜನವರಿ 8ರಂದು ಅನ್ಫಾಲ್ ವಿಚಾರಣೆ ಮತ್ತೆ ಶುರುವಾದಾಗ ಸದ್ದಾಮರ ಕುರ್ಚಿ ಖಾಲಿಯಿತ್ತು. ಅವರ ಮೇಲಿನ ಆರೋಪಗಳನ್ನು ಕೈಬಿಡಲಾಯಿತು. ಅದೇ ದಿನ ಸರಕಾರಿ ವಕೀಲರು ನ್ಯಾಯಾಲಯದಲ್ಲಿ ಒಂದು ಧ್ವನಿಮುದ್ರಿಕೆ ಕೇಳಿಸಿದರು. ರಾಸಾಯನಿಕ ಅಸ್ತ್ರಗಳ ಬಗ್ಗೆ ಮಾತಾಡುವ ಆ ದನಿ ಸದ್ದಾಮರದೇ ಎಂದು ಅವರು ವಾದಿಸಿದರು. ಅದನ್ನು ಒಪ್ಪುವುದಕ್ಕೋ ಅಲ್ಲಗಳೆಯುವುದಕ್ಕೋ ಅಲ್ಲಿ ಯಾರೂ ಇರಲಿಲ್ಲ. ಆ ಧ್ವನಿಮುದ್ರಿಕೆ ನಮ್ಮ ಯಾವ ಮೊಬೈಲಿಗೂ ಬರಲಿಲ್ಲ.